‘ಎಲ್ಲಾರೂ ಕಳ್ಳರ’ ಎಂಬ ಮಾತು ಮತ್ತು ಲೆಕ್ಕ ಕೇಳುವ ಹಕ್ಕು



ನಾನು ರಾಜ್ಯಶಾಸ್ತ್ರ ಕಲಿಸುವವನು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಮಾತು ಬಂದೇ ಬರುತ್ತದೆ: “ಎಲ್ಲಾರೂ ಕಳ್ಳರರೀ ಸರ್.” ಕ್ಲಾಸು ನಗುತ್ತದೆ. ಇದೇ ಮಾತನ್ನು ಕಳಸಾಪುರದ ಕಟ್ಟೆಯ ಮೇಲೆ, ಗದಗ ಬಸ್ ನಿಲ್ದಾಣದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ನಮಾಜು ಮುಗಿಸಿ ಹೊರಗೆ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಕೇಳಿದ್ದೇನೆ. ರೊಕ್ಕ ಬರುತ್ತದೆ, ರೊಕ್ಕ ಹೋಗುತ್ತದೆ, ರಸ್ತೆ ಮಾತ್ರ ಹಾಗೇ ಇರುತ್ತದೆ ಎಂಬುದು ಜನರ ಅನುಭವ. ಆ ಅನುಭವ ಸುಳ್ಳೆಂದು ಹೇಳಲು ನಾನು ಈ ಪಾಠ ಬರೆಯುತ್ತಿಲ್ಲ. ಆ ಮಾತು ನಿಟ್ಟುಸಿರಾಗಿಯೇ ಉಳಿದರೆ ಯಾರಿಗೆ ಲಾಭ, ಪ್ರಶ್ನೆಯಾದರೆ ಯಾರಿಗೆ ಲಾಭ ಎಂಬುದನ್ನು ನಿಮ್ಮೊಡನೆ ಲೆಕ್ಕ ಹಾಕಬೇಕೆಂದಿದ್ದೇನೆ.

ರೊಕ್ಕ ಯಾರದು?

ಮೊದಲ ಪ್ರಶ್ನೆ ಇದು. ‘ಸರ್ಕಾರದ ರೊಕ್ಕ’ ಎನ್ನುತ್ತೇವೆ. ಸರ್ಕಾರ ಹೊಲ ಉತ್ತು ಗಳಿಸಿದ ರೊಕ್ಕ ಯಾವುದೂ ಇಲ್ಲ. “ನಮ್ಮ ಮನ್ಯಾಗ ಯಾರೂ ಟ್ಯಾಕ್ಸ್ ಕಟ್ಟೂದಿಲ್ಲ ಸರ್” ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಆದಾಯ ತೆರಿಗೆಯ ಮಟ್ಟಿಗೆ ಅದು ನಿಜ ಇರಬಹುದು. ಈಗ ನಿಮ್ಮ ಮೊಬೈಲ್ ರೀಚಾರ್ಜ್ ತೆಗೆದುಕೊಳ್ಳಿ. ಅದಕ್ಕೆ ಶೇ. 18 ಜಿಎಸ್‌ಟಿ ಇದೆ. ನೀವು 236 ರೂಪಾಯಿ ಕೊಟ್ಟರೆ ಕಂಪನಿಗೆ ಸೇರುವುದು 200 ರೂಪಾಯಿ. ಉಳಿದ 36ರಲ್ಲಿ 18 ಕೇಂದ್ರಕ್ಕೆ, 18 ರಾಜ್ಯಕ್ಕೆ. ಬಸ್ಸಿಗೆ ಹಾಕುವ ಡೀಸೆಲ್ಲಿನಲ್ಲಿ, ತಂದೆ ಕೊಂಡ ಬೈಕಿನ ನೋಂದಣಿಯಲ್ಲಿ, ಮನೆ ಜಾಗದ ಖರೀದಿಪತ್ರದ ಮುದ್ರಾಂಕದಲ್ಲಿ, ಹೀಗೆ ತೆರಿಗೆ ಎಲ್ಲ ಕಡೆಯೂ ಇದೆ. ಕೂಲಿ ಮಾಡುವ ತಾಯಿಯೂ, ಪಿಯುಸಿ ಓದುವ ಮಗನೂ ತೆರಿಗೆದಾರರೇ. ಇದು ಗೊತ್ತಾದ ದಿನ ‘ಸರ್ಕಾರ ಕೊಟ್ಟಿತು’ ಎಂಬ ಮಾತಿನ ದನಿ ಬದಲಾಗುತ್ತದೆ. ಕೊಟ್ಟವರು ನಾವು. ಸರ್ಕಾರ ಅದನ್ನು ಇಟ್ಟುಕೊಂಡು ಹಂಚುವ ಜವಾಬ್ದಾರಿ ಹೊತ್ತಿದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಪದವಿದೆ: ಅಮಾನತ್. ನೆರೆಯವರು ಊರಿಗೆ ಹೋಗುವಾಗ ನಂಬಿ ಕೊಟ್ಟುಹೋದ ಚಿನ್ನ ಅಮಾನತ್ತು. ಅದನ್ನು ತೊಟ್ಟು ಮೆರೆಯುವಂತಿಲ್ಲ, ಅಡವಿಡುವಂತಿಲ್ಲ, ಕೇಳಿದ ದಿನ ಲೆಕ್ಕ ಸಮೇತ ಮರಳಿಸಬೇಕು. ಸಾರ್ವಜನಿಕ ಹಣದ ಬಗ್ಗೆ ಇದಕ್ಕಿಂತ ಸರಳವಾದ ವ್ಯಾಖ್ಯೆ ನನಗೆ ಸಿಕ್ಕಿಲ್ಲ.

ರೊಕ್ಕ ಹೊರಗೆ ಹೋಗುವ ದಾರಿ

ಸಂವಿಧಾನ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರಾಜ್ಯಕ್ಕೆ ಬಂದ ತೆರಿಗೆ, ಎತ್ತಿದ ಸಾಲ ಎಲ್ಲವೂ 266ನೇ ವಿಧಿಯ ಪ್ರಕಾರ ಸಂಚಿತ ನಿಧಿಗೆ ಸೇರಬೇಕು. ಕಾನೂನಿನ ಅನುಮತಿ ಇಲ್ಲದೆ ಅಲ್ಲಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. 202ನೇ ವಿಧಿಯಂತೆ ಪ್ರತಿ ವರ್ಷ ವಿಧಾನಮಂಡಲದ ಮುಂದೆ ಬಜೆಟ್ ಇಡಬೇಕು. 203ರಂತೆ ಒಂದೊಂದು ಇಲಾಖೆಯ ಬೇಡಿಕೆಗೂ ವಿಧಾನಸಭೆಯ ಒಪ್ಪಿಗೆ ಬೇಕು. 204ರಂತೆ ಧನವಿನಿಯೋಗ ಮಸೂದೆ ಅಂಗೀಕಾರವಾದ ಮೇಲೆಯೇ ಖಜಾನೆಯ ಬಾಗಿಲು ತೆರೆಯುತ್ತದೆ. ಖರ್ಚಾದ ಮೇಲೆ ಸಿಎಜಿ, ಅಂದರೆ ಮಹಾಲೇಖಪರಿಶೋಧಕರು, ಲೆಕ್ಕ ತಪಾಸಣೆ ಮಾಡುತ್ತಾರೆ. ಅವರ ವರದಿ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಬರುತ್ತದೆ. ಅದನ್ನು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಪರಿಶೀಲಿಸುತ್ತದೆ. ಈ ಸಮಿತಿಗೆ ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವ ಸಂಪ್ರದಾಯವಿದೆ. ಖರ್ಚು ಮಾಡಿದವರೇ ಲೆಕ್ಕ ನೋಡಬಾರದು ಎಂಬುದು ಅದರ ಹಿಂದಿನ ವಿವೇಕ.

ಇನ್ನು ಅಂಕಿಗಳಿಗೆ ಬರೋಣ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಸಾಲದ ಅಸಲಿನ ಮರುಪಾವತಿ 26,474 ಕೋಟಿ. ಇಷ್ಟು ದೊಡ್ಡ ಸಂಖ್ಯೆ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಸರ್ಕಾರದ ಬಳಿ ಬರೀ 100 ರೂಪಾಯಿ ಇದೆ ಎಂದುಕೊಳ್ಳಿ. ಅದರಲ್ಲಿ ಸುಮಾರು 76 ರೂಪಾಯಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನನಿತ್ಯದ ಖರ್ಚಿಗೆ ಹೋಗುತ್ತದೆ. ಆರೂವರೆ ರೂಪಾಯಿ ಹಳೆಯ ಸಾಲ ತೀರಿಸಲು ಹೋಗುತ್ತದೆ. ರಸ್ತೆ, ಕಾಲುವೆ, ಶಾಲಾ ಕಟ್ಟಡ, ಆಸ್ಪತ್ರೆಯಂಥ ಉಳಿಯುವ ಆಸ್ತಿಗೆ ದಕ್ಕುವುದು 17 ರೂಪಾಯಿ ಚಿಲ್ಲರೆ.

ಐದು ಗ್ಯಾರಂಟಿಗಳಿಗೆ ಅದೇ ಬಜೆಟ್ಟಿನಲ್ಲಿ ಇಟ್ಟದ್ದು 51,034 ಕೋಟಿ, ಅಂದರೆ ನೂರರಲ್ಲಿ ಹನ್ನೆರಡೂವರೆ ರೂಪಾಯಿ. ಇದು ದುಂದು ಎನ್ನುವವರಿದ್ದಾರೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಕಾಲೇಜಿಗೆ ಬರುವ ಹೆಣ್ಣುಮಕ್ಕಳನ್ನೂ, ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಮಕ್ಕಳ ಫೀ ಕಟ್ಟುವ ತಾಯಂದಿರನ್ನೂ ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಅದೇ ವರ್ಷ ರಾಜಸ್ವ ಕೊರತೆ 19,262 ಕೋಟಿ, ಎತ್ತಲು ಹೊರಟ ಸಾಲ 1,16,000 ಕೋಟಿ ಎಂಬುದನ್ನೂ ಮರೆಯುವಂತಿಲ್ಲ. ಎರಡೂ ಸತ್ಯವೇ. ಯಾವುದಕ್ಕೆ ಎಷ್ಟು ಎಂಬ ಚರ್ಚೆಯೇ ರಾಜಕಾರಣ. ಅದು ಕಳ್ಳತನದ ಪ್ರಶ್ನೆಯಲ್ಲ, ಆಯ್ಕೆಯ ಪ್ರಶ್ನೆ. ಈ ಎರಡನ್ನು ಬೇರ್ಪಡಿಸಿ ನೋಡುವುದು ನಮ್ಮ ಮೊದಲ ಅಭ್ಯಾಸವಾಗಬೇಕು. ನನಗೆ ಬೇಡವಾದ ಖರ್ಚೆಲ್ಲ ಲೂಟಿಯಲ್ಲ, ನನಗೆ ಬೇಕಾದ ಖರ್ಚೆಲ್ಲ ಪ್ರಾಮಾಣಿಕವೂ ಅಲ್ಲ.

ಕಣ್ಣಿಗೆ ಬೀಳುವುದು, ಗಾತ್ರದಲ್ಲಿ ದೊಡ್ಡದು

2025ರ ಮಾರ್ಚ್ 21ರಂದು ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಶಾಸಕರ ಮಾಸಿಕ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದು 75,000ದಿಂದ 1.5 ಲಕ್ಷಕ್ಕೆ ಏರಿತು. ಭತ್ಯೆಗಳು ಬೇರೆ. ಅದೇ ವರ್ಷದ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕುಳಿತಿದ್ದರು. ತಿಂಗಳಿಗೆ 10,000 ರೂಪಾಯಿ ಖಚಿತ ಎಂಬ ಭರವಸೆ ಪಡೆದು ಎದ್ದುಹೋದರು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದವರಿಗೆ ಸಿಟ್ಟು ಬಂದದ್ದು ಸಹಜ.

ಆದರೆ ಲೆಕ್ಕವನ್ನೂ ಮಾಡೋಣ. ಈ ಏರಿಕೆಯ ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು 62 ಕೋಟಿ ಎಂದು ಹೇಳಲಾಯಿತು. ನಮ್ಮ ನೂರು ರೂಪಾಯಿಯಲ್ಲಿ ಅದು ಒಂದೂವರೆ ಪೈಸೆ. ಶಾಸಕರ ಸಂಬಳವನ್ನು ಪೂರ್ತಿ ನಿಲ್ಲಿಸಿದರೂ ನಮ್ಮ ಊರಿನ ರಸ್ತೆ ತಾನಾಗಿ ಡಾಂಬರು ಹೊದ್ದುಕೊಳ್ಳುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದ ವಿಷಯವೂ ಹೀಗೆಯೇ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ, ನೂರಾರು ಕೋಟಿಯ ಆ ಕಟ್ಟಡದಲ್ಲಿ ಸದನ ಸೇರುವುದು ವರ್ಷಕ್ಕೆ ಹತ್ತು ಹನ್ನೆರಡು ದಿನ ಮಾತ್ರ. ಉತ್ತರ ಕರ್ನಾಟಕದವರಾದ ನಮಗೆ ಅದು ನೋಯುತ್ತದೆ, ಏಕೆಂದರೆ ಅದು ಕಣ್ಣೆದುರು ನಿಂತಿದೆ.

ನಮ್ಮ ಸಿಟ್ಟು ಕಣ್ಣಿಗೆ ಬೀಳುವುದರ ಮೇಲೆ ಎರಗುತ್ತದೆ: ಕಾರು, ಕಟ್ಟಡ, ಕಟೌಟು, ಸಂಬಳ. ದೊಡ್ಡ ಸೋರಿಕೆ ಇರುವುದು ಕಣ್ಣಿಗೆ ಬೀಳದ ಕಡೆ: ಹೆಚ್ಚಿಸಿ ಬರೆದ ಅಂದಾಜುಪಟ್ಟಿಯಲ್ಲಿ, ಹತ್ತು ವರ್ಷ ಎಳೆದು ದುಪ್ಪಟ್ಟಾದ ಕಾಮಗಾರಿಯಲ್ಲಿ, ಟೆಂಡರೇ ಕರೆಯದೆ ಕೊಟ್ಟ ಗುತ್ತಿಗೆಯಲ್ಲಿ. ಟೆಂಡರ್ ಪಾರದರ್ಶಕವಾಗಿರಲಿ ಎಂದು ನಮ್ಮ ರಾಜ್ಯ 1999ರಲ್ಲೇ ಕಾಯ್ದೆ ಮಾಡಿತು. ಅದರ 4(ಜಿ) ಎಂಬ ಉಪವಿಧಿಯಡಿ ಸರ್ಕಾರ ತಾನೇ ಆದೇಶ ಹೊರಡಿಸಿ ಕೆಲವು ಕೆಲಸಗಳಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. ಇಂಥ ಒಂದು ಅಕ್ಷರದ ಕಿಂಡಿಯ ಬಗ್ಗೆ ಕಟ್ಟೆಯ ಮೇಲೆ ಯಾರೂ ಬೈಯುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಿಲ್ಲ. ಹಾಗೆಂದು ಶಾಸಕರ ಸಂಬಳ ಏರಿಕೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಚಿಕ್ಕದಾಗಿದ್ದದ್ದು ಹಣ ಮಾತ್ರ. ತಮ್ಮ ಸಂಬಳವನ್ನು ತಾವೇ ಚರ್ಚೆಯಿಲ್ಲದೆ ಏರಿಸಿಕೊಂಡ ರೀತಿ ಚಿಕ್ಕದಲ್ಲ.

ನರಗುಂದದ ಪಾಠ

ಸಿಟ್ಟು ಸರಿಯಾದ ಪ್ರಶ್ನೆಯನ್ನು ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ನರಗುಂದ ಇದೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ‘ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಏರಿದೆ’ ಎಂದು ಸರ್ಕಾರ ರೈತರ ಮೇಲೆ ಅಭಿವೃದ್ಧಿ ಕರ ಹಾಕಿತು. ನೀರಿನ ಕರ ಬೇರೆ. ಅನೇಕ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಬಾಕಿ ಕಟ್ಟದಿದ್ದರೆ ಜಪ್ತಿಯ ಹೆದರಿಕೆ. ಹತ್ತಿಗೆ ಬೆಲೆ ಬಿದ್ದಿತ್ತು. ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ಅವರ ಪ್ರಶ್ನೆ ಒಂದೇ ಸಾಲಿನದು: ಬಾರದ ನೀರಿಗೆ ಕರ ಯಾಕೆ?

1980ರ ಜುಲೈ 21ರಂದು ನರಗುಂದದಲ್ಲಿಯೂ ನೆರೆಯ ನವಲಗುಂದದಲ್ಲಿಯೂ ರೈತರು ತಹಸೀಲ್ದಾರ್ ಕಚೇರಿಗೆ ಹೋದರು. ಪರಿಸ್ಥಿತಿ ಕೈಮೀರಿತು, ಪೊಲೀಸರ ಬಂದೂಕು ಸಿಡಿಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಈ ಎರಡನೆಯ ಮಾತನ್ನು ಬಿಟ್ಟು ಈ ಕಥೆ ಹೇಳಬಾರದು. ಆ ಪೊಲೀಸರ ಮನೆಯಲ್ಲೂ ಅಂದು ಒಲೆ ಹತ್ತಲಿಲ್ಲ. ಪ್ರತಿ ವರ್ಷ ಜುಲೈ 21ನ್ನು ರೈತ ಹುತಾತ್ಮ ದಿನವೆಂದು ಇಂದಿಗೂ ಆಚರಿಸುತ್ತಾರೆ.

ಆ ಬೆಂಕಿ ರಾಜ್ಯದ ತುಂಬ ಹಬ್ಬಿತು. ಕರ ವಸೂಲಿಯಲ್ಲಿ ಸರ್ಕಾರ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಆರ್. ಗುಂಡೂರಾಯರ ಸರ್ಕಾರ ಸೋತು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಆ ಸೋಲಿಗೆ ಇದ್ದ ಹಲವು ಕಾರಣಗಳಲ್ಲಿ ನರಗುಂದವೂ ಒಂದು.

ಇಲ್ಲಿ ಒಂದು ಸೂಕ್ಷ್ಮವಿದೆ. ನರಗುಂದದ ರೈತರು ‘ಎಲ್ಲಾರೂ ಕಳ್ಳರು’ ಎಂದು ಹೇಳಿ ಮನೆಯಲ್ಲಿ ಕುಳಿತಿರಲಿಲ್ಲ. ಯಾವ ಹೊಲಕ್ಕೆ ನೀರು ಬಂದಿದೆ, ಯಾವುದಕ್ಕೆ ಬಂದಿಲ್ಲ, ಎಷ್ಟು ಕರ, ಯಾವ ಆದೇಶ ಎಂಬುದು ಅವರಿಗೆ ಗೊತ್ತಿತ್ತು. ಅದು ನಿಜವಾದ ಅರ್ಥದಲ್ಲಿ ಲೆಕ್ಕಪರಿಶೋಧನೆ. ಸಿಎಜಿ ಕೇಳಬೇಕಾದ ಪ್ರಶ್ನೆಯನ್ನು ಎರಿಹೊಲದ ರೈತರು ಕೇಳಿದರು.

ಸಿಟ್ಟಿನ ಬೆನ್ನಿಗೆ ಬಂದ ಸಂಸ್ಥೆಗಳು

ಹೊಸ ಸರ್ಕಾರ ಮಾಡಿದ ಎರಡು ಕೆಲಸಗಳನ್ನು ನೀವು ಪರೀಕ್ಷೆಗೂ ಬದುಕಿಗೂ ನೆನಪಿಟ್ಟುಕೊಳ್ಳಬೇಕು. ಒಂದು, 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ. ಅಧಿಕಾರಿ ಮತ್ತು ಮಂತ್ರಿಗಳ ಮೇಲಿನ ದೂರನ್ನು ವಿಚಾರಿಸಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸ್ವತಂತ್ರ ಸಂಸ್ಥೆ ಹೀಗೆ ಬಂತು. ಇನ್ನೊಂದು, 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತ್ ಕಾಯ್ದೆ. ಖರ್ಚಿನ ತೀರ್ಮಾನ ಬೆಂಗಳೂರಿನಿಂದ ಊರಿನ ಹತ್ತಿರ ಬರಲಿ ಎಂಬುದು ಅದರ ಆಶಯ. 1987ರ ಜನವರಿಯಲ್ಲಿ ಅದರಡಿ ಚುನಾವಣೆ ನಡೆಯಿತು. ಮುಂದೆ ಇಡೀ ದೇಶಕ್ಕೆ ಅನ್ವಯವಾದ 73ನೇ ಸಂವಿಧಾನ ತಿದ್ದುಪಡಿಗೆ ಕರ್ನಾಟಕದ ಈ ಅನುಭವ ದೊಡ್ಡ ಬಲವಾಯಿತು.

ಆ ಕಾಯ್ದೆಯ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು, ಗ್ರಾಮೀಣಾಭಿವೃದ್ಧಿ ಖಾತೆ ಹೊತ್ತವರು. ಬರದ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ತನ್ನ ಕೈಯಲ್ಲಿದ್ದ ಅಧಿಕಾರವನ್ನು ಪಂಚಾಯಿತಿಗಳಿಗೆ ಹಂಚಿಕೊಟ್ಟ ಮಂತ್ರಿ ಅವರು. ತೀರಿಹೋದದ್ದು 1988ರಲ್ಲಿ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ‘ಎಲ್ಲಾರೂ’ ಎಂಬ ಪದ ಬಾಯಿಗೆ ಬಂದಾಗಲೆಲ್ಲ ನೀರ್ ಸಾಬರನ್ನು ಒಮ್ಮೆ ನೆನೆಯಿರಿ. ಅವರನ್ನೂ ಅದರಲ್ಲಿ ಸೇರಿಸಿಬಿಟ್ಟರೆ ಅನ್ಯಾಯವಾಗುವುದು ಅವರೊಬ್ಬರಿಗೇ ಅಲ್ಲ. ನಾಳೆ ಹಾಗೆ ಆಗಬೇಕೆಂದಿರುವ ನಿಮ್ಮಲ್ಲೊಬ್ಬರಿಗೂ ಅನ್ಯಾಯವಾಗುತ್ತದೆ.

ಕಾವಲುಗಾರನಿಗೂ ಕಾವಲು

ಇಷ್ಟೆಲ್ಲ ಸಂಸ್ಥೆಗಳಿದ್ದೂ ಜನ ಯಾಕೆ ನಂಬುವುದಿಲ್ಲ? ನಂಬದಿರಲು ಕಾರಣಗಳಿವೆ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಬಳ್ಳಾರಿ ಗಣಿಗಾರಿಕೆಯ ವರದಿ ಕೊಟ್ಟರು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,000 ಕೋಟಿ ರೂಪಾಯಿಗೂ ಹೆಚ್ಚೆಂದು ಅದು ಲೆಕ್ಕ ಹಾಕಿತು. ನಾಲ್ಕು ದಿನಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಗಣಿ ಕಂಪನಿಯಿಂದ ಹಣ ಪಡೆದ ಆರೋಪದ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆರೋಪ ಬೇರೆ, ಅಪರಾಧ ಬೇರೆ ಎಂಬುದಕ್ಕೆ ಇದನ್ನೂ ಬರೆದುಕೊಳ್ಳಿ.

2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಲಂಚಕ್ಕೆ ಒತ್ತಾಯಿಸುವ ಜಾಲವಿದೆ ಎಂಬ ಆರೋಪ ಬಂದು, ಆ ವರ್ಷದ ಕೊನೆಗೆ ಅಂದಿನ ಲೋಕಾಯುಕ್ತರು ರಾಜೀನಾಮೆ ಕೊಡಬೇಕಾಯಿತು. 2016ರ ಮಾರ್ಚ್‌ನಲ್ಲಿ ಆಗಿನ ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನೇ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. 2021ರಲ್ಲಿ ಗುತ್ತಿಗೆದಾರರ ಸಂಘವು ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೇಳುತ್ತಾರೆಂದು ಪ್ರಧಾನಿಗೆ ಪತ್ರ ಬರೆಯಿತು. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ. 2024ರಲ್ಲಿ ಮಹರ್ಷಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಆಗ ಕಾಂಗ್ರೆಸ್ ಸರ್ಕಾರ. ನಾನು ಎರಡೂ ಪಕ್ಷಗಳ ಹೆಸರು ಹೇಳಿದ್ದೇಕೆ ಎಂದರೆ, ‘ಅವರು ತಿಂದರು’ ಎಂದು ಒಂದು ಕಡೆಗೆ ಮಾತ್ರ ಬೆರಳು ತೋರುವವನು ಲೆಕ್ಕ ಕೇಳುತ್ತಿಲ್ಲ, ಪ್ರಚಾರ ಮಾಡುತ್ತಿದ್ದಾನೆ.

ಇಷ್ಟನ್ನು ನೋಡಿದರೆ ಒಂದು ಮಾತು ತಿಳಿಯುತ್ತದೆ. ಸಂಸ್ಥೆಗಳು ಒಮ್ಮೆ ಕಟ್ಟಿಬಿಟ್ಟರೆ ತಾವಾಗಿ ನಿಲ್ಲುವ ಗೋಡೆಗಳಲ್ಲ. ಜನ ನೋಡುತ್ತಿದ್ದಾಗ ಅವು ಕೆಲಸ ಮಾಡುತ್ತವೆ, ಜನ ಬೇರೆ ಕಡೆ ತಿರುಗಿದಾಗ ಅವುಗಳ ಹಲ್ಲು ಕೀಳಲಾಗುತ್ತದೆ.

‘ಎಲ್ಲಾರೂ ಕಳ್ಳರು’ ಎಂದರೆ ಯಾರಿಗೆ ಲಾಭ?

ಈಗ ಈ ಪಾಠದ ನಡುಮಧ್ಯದ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಕಳ್ಳರು ಎಂದು ಊರೇ ಒಪ್ಪಿಕೊಂಡರೆ ಮೊದಲು ನೆಮ್ಮದಿಯಾಗುವುದು ನಿಜವಾದ ಕಳ್ಳನಿಗೆ. ಅವನನ್ನು ಬೇರ್ಪಡಿಸಿ ಗುರುತಿಸುವವರು ಯಾರೂ ಉಳಿಯಲಿಲ್ಲ. ನಷ್ಟವಾಗುವುದು ಪ್ರಾಮಾಣಿಕನಿಗೆ. ಅವನಿಗೆ ಪ್ರಾಮಾಣಿಕನಾಗಿರಲು ಕಾರಣವೇ ಉಳಿಯಲಿಲ್ಲ. ಮುಂದಿನ ಹೆಜ್ಜೆ ಇನ್ನೂ ಕೆಟ್ಟದ್ದು: “ಹೆಂಗೂ ಅವರು ತಿಂತಾರ, ಓಟಿಗೆ ಕೊಡೂ ರೊಕ್ಕ ನಾವ್ಯಾಕ ಬಿಡಬೇಕು?” ಅಪನಂಬಿಕೆ ಹೀಗೆ ಮಾರಾಟದ ರಸೀದಿಯಾಗುತ್ತದೆ. ಓಟು ಮಾರಿದವನಿಗೆ ಐದು ವರ್ಷ ಲೆಕ್ಕ ಕೇಳುವ ಬಾಯಿ ಇರುವುದಿಲ್ಲ, ಏಕೆಂದರೆ ವ್ಯಾಪಾರ ಮುಗಿದುಹೋಗಿದೆ. ನಿಮ್ಮಲ್ಲಿ ಹಲವರಿಗೆ ಮುಂದಿನ ವರ್ಷದೊಳಗೆ ಹದಿನೆಂಟು ತುಂಬುತ್ತದೆ. ಮೊದಲ ಓಟಿನ ಮುಂಚೆ ಈ ಮಾತನ್ನು ಯೋಚಿಸಿರಿ.

ಸಂಶಯ ಒಳ್ಳೆಯದು, ಅಪನಂಬಿಕೆ ಅಪಾಯ. ಸಂಶಯ ಇರುವವನು ಕಾಗದ ತೋರಿಸು ಎನ್ನುತ್ತಾನೆ. ಅಪನಂಬಿಕೆ ಇರುವವನು ಕಾಗದ ತೋರಿಸಿದರೂ ನೋಡುವುದಿಲ್ಲ.

ಕೇಳುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಅದು ‘ಎಲ್ಲ ನಾಗರಿಕರಿಗೂ’ ಎನ್ನುತ್ತದೆ, ಹದಿನೆಂಟು ತುಂಬಿದವರಿಗೆ ಮಾತ್ರ ಎನ್ನುವುದಿಲ್ಲ. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಯಾಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಕಾಗದ ಮಾತ್ರವಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ.

ಪ್ರಶ್ನೆ ಬರೆಯುವುದೂ ಒಂದು ವಿದ್ಯೆ. ‘ನಮ್ಮ ಓಣಿಯ ಗಟಾರದಲ್ಲಿ ಎಷ್ಟು ತಿಂದಿದ್ದೀರಿ?’ ಎಂದು ಬರೆದರೆ ಅದು ಪ್ರಶ್ನೆಯಲ್ಲ, ಬೈಗುಳ. ಅದಕ್ಕೆ ಉತ್ತರ ಬರುವುದೂ ಇಲ್ಲ. ‘ಇಂಥ ಓಣಿಯ ಗಟಾರ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಅಂತಿಮ ಬಿಲ್ಲಿನ ದೃಢೀಕೃತ ಪ್ರತಿಗಳನ್ನು ಕೊಡಿ’ ಎಂದು ಬರೆದರೆ ಅದು ಪ್ರಶ್ನೆ. ಅಳತೆ ಪುಸ್ತಕದಲ್ಲಿ 100 ಮೀಟರ್ ಎಂದಿದ್ದು, ಟೇಪು ಹಿಡಿದಾಗ 70 ಬಂದರೆ, ಆಗ ನಿಮ್ಮ ಕೈಯಲ್ಲಿರುವುದು ಪುರಾವೆ. ಸರಿಯಾಗಿ 100 ಬಂದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಊರಿಗೆ ಹೇಳಬೇಕು. ಲೆಕ್ಕ ಕೇಳುವವನಿಗೆ ಎರಡೂ ಉತ್ತರಗಳನ್ನು ಸ್ವೀಕರಿಸುವ ಧೈರ್ಯವಿರಬೇಕು.

ಇದಕ್ಕಿಂತ ಹತ್ತಿರದ ದಾರಿ ಗ್ರಾಮಸಭೆ. ಕಾಯ್ದೆಯಂತೆ ಅದು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ನಮ್ಮ ರಾಜ್ಯದಲ್ಲಿ ಮಕ್ಕಳಿಗಾಗಿಯೇ ವಿಶೇಷ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತದೆ. ಶೌಚಾಲಯ, ಬಸ್ಸು, ಗ್ರಂಥಾಲಯ, ಕುಡಿಯುವ ನೀರಿನ ಪ್ರಶ್ನೆಯನ್ನು ಅಲ್ಲಿ ನೀವೇ ಎತ್ತಬಹುದು. ಪಂಚಾಯಿತಿಯ ವಾರ್ಷಿಕ ಲೆಕ್ಕವನ್ನೂ ಕಾಮಗಾರಿಗಳನ್ನೂ ಅಧಿಕಾರಿಗಳು ಜನರೆದುರು ಪರಿಶೀಲಿಸುವ ಜಮಾಬಂದಿಯೂ ಪ್ರತಿ ವರ್ಷ ನಡೆಯಬೇಕು. ಪಂಚಾಯತ್ ರಾಜ್ ವಿಷಯಕ್ಕೆಂದೇ ಒಂದು ವಿಶ್ವವಿದ್ಯಾಲಯ ನಮ್ಮ ಗದಗಿನ ನಾಗಾವಿಯಲ್ಲಿದೆ. ಆದರೂ ನಮ್ಮಲ್ಲಿ ಎಷ್ಟು ಜನ ಒಂದು ಜಮಾಬಂದಿಯನ್ನು ಕಣ್ಣಾರೆ ನೋಡಿದ್ದೇವೆ?

ಈ ಭಾಗವನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ್, ಕೇಳೂದು ಹಗುರ ಐತಿ. ಕೇಳಿದವರ ಮನಿ ರೇಷನ್ ಕಾರ್ಡಿಗೆ ನಾಳೆ ತೊಂದ್ರಿ ಬಂದ್ರ?” ಈ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಸಣ್ಣ ಊರಿನಲ್ಲಿ ಕೇಳಿದವರ ಹೆಸರು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಸಂಖ್ಯೆಯಲ್ಲಿ ಕಡಿಮೆ ಇರುವ ನಮ್ಮಂಥವರಿಗೆ ‘ನಮಗ್ಯಾಕ ಬೇಕು’ ಎಂಬ ಅಂಜಿಕೆ ಇನ್ನಷ್ಟು ಹೆಚ್ಚು. ನಾನು ಕೊಟ್ಟ ಉತ್ತರ ಇಷ್ಟು: ಒಬ್ಬರೇ ಕೇಳಬೇಡಿ, ಹತ್ತು ಜನ ಕೇಳಿ. ಆ ಹತ್ತರಲ್ಲಿ ಎಲ್ಲ ಓಣಿಯವರೂ ಇರಲಿ, ಏಕೆಂದರೆ ಗಟಾರದ ನೀರು ಜಾತಿ ಧರ್ಮ ನೋಡಿ ಹರಿಯುವುದಿಲ್ಲ. ಯಾರ ಮೇಲೂ ಆರೋಪ ಹೊರಿಸಬೇಡಿ, ಕಾಗದ ಮಾತ್ರ ಕೇಳಿ. ಹಿರಿಯರನ್ನು, ಶಿಕ್ಷಕರನ್ನು ಜೊತೆಗೆ ಕರೆದುಕೊಳ್ಳಿ. ಅಂಜಿಕೆ ಪೂರ್ತಿ ಹೋಗುವುದಿಲ್ಲ. ಹತ್ತು ಜನರಲ್ಲಿ ಹಂಚಿಕೊಂಡಾಗ ಹೊರಲು ಆಗುವಷ್ಟಾಗುತ್ತದೆ.

ಲೆಕ್ಕ ನಮ್ಮ ಮನೆಯಿಂದಲೂ

ಕೊನೆಗೊಂದು ಮಾತು. ಊರಿನ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನೂ ತೆರೆದಿಡಬೇಕು. ನಮ್ಮ ಜಮಾತಿನ ಚಂದಾ, ಉರುಸಿನ ವಂತಿಗೆ, ಕಾಲೇಜಿನ ವಾರ್ಷಿಕೋತ್ಸವಕ್ಕೆ ನೀವು ಎತ್ತುವ ಹಣ, ಕ್ರಿಕೆಟ್ ಪಂದ್ಯದ ಪ್ರವೇಶ ಶುಲ್ಕ, ಇವುಗಳ ಜಮಾ ಖರ್ಚು ಗೋಡೆಯ ಮೇಲೆ ಅಂಟಿಸುತ್ತೇವೆಯೇ? ಖಲೀಫಾ ಉಮರ್ ಬಿನ್ ಅಬ್ದುಲ್ ಅಜೀಜರ ಬಗ್ಗೆ ಹಿರಿಯರು ಹೇಳುವ ಒಂದು ಪ್ರಸಂಗವಿದೆ. ರಾಜ್ಯದ ಕೆಲಸ ಮಾಡುವಾಗ ಬೈತುಲ್ ಮಾಲ್‌ನ ಎಣ್ಣೆಯ ದೀಪ ಉರಿಯುತ್ತಿತ್ತು. ಮಾತು ಮನೆಯ ವಿಷಯಕ್ಕೆ ತಿರುಗಿದ ಕೂಡಲೇ ಅವರು ಅದನ್ನು ಆರಿಸಿ ತಮ್ಮ ಸ್ವಂತ ದೀಪ ಹಚ್ಚಿದರಂತೆ. ಉಳಿದ ಎಣ್ಣೆ ಎಷ್ಟಿದ್ದೀತು? ನಮ್ಮ ಒಂದೂವರೆ ಪೈಸೆಯಷ್ಟೂ ಇರಲಿಕ್ಕಿಲ್ಲ. ಆದರೆ ಅದು ಯಾರದೆಂಬುದು ಅವರಿಗೆ ಗೊತ್ತಿತ್ತು.

ನಂಬಿಕೆ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೂ ನಮ್ಮ ಗದಗ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಸಹಕಾರ ಕಾಯ್ದೆಯ ನಂತರ ದೇಶದಲ್ಲಿ ಹುಟ್ಟಿದ ಮೊದಲ ಕೃಷಿ ಪತ್ತಿನ ಸಂಘ ಅದು. ಬಡ್ಡಿಯ ಸಾಹುಕಾರನ ಮುಂದೆ ಕೈಕಟ್ಟಿ ನಿಂತಿದ್ದ ರೈತರು ತಮ್ಮ ರೊಕ್ಕವನ್ನು ಒಬ್ಬರಿಗೊಬ್ಬರು ನಂಬಿ ಕೊಟ್ಟದ್ದು ಹೇಗೆ? ವಹಿ ಎದುರಿಗಿತ್ತು, ಬರೆಯುವವನು ಊರವನೇ ಆಗಿದ್ದ, ಕೇಳಿದರೆ ತೋರಿಸುತ್ತಿದ್ದ. ರಾಜ್ಯದ 4 ಲಕ್ಷ ಕೋಟಿಯ ವಹಿಯೂ ಬೇರೆ ಜಾತಿಯದಲ್ಲ. ಪುಟಗಳು ಹೆಚ್ಚು, ಅಷ್ಟೇ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಒಂದು ವಾರ ಕೊಂಡ ಸಾಮಾನಿನ ಬಿಲ್ಲುಗಳನ್ನು ಕೂಡಿಸಿ, ಅದರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಹೋದ ಜಿಎಸ್‌ಟಿ ಎಷ್ಟು ಎಂದು ಬರೆಯಿರಿ.

2. ನಿಮ್ಮ ಓಣಿಯಲ್ಲಿ ಈಚೆಗೆ ಆದ ಒಂದು ಕಾಮಗಾರಿಯ ಬಗ್ಗೆ 150 ಪದಗಳೊಳಗೆ, ಒಂದೂ ಆರೋಪವಿಲ್ಲದೆ, ಮಾಹಿತಿ ಹಕ್ಕು ಅರ್ಜಿಯ ಕರಡು ಬರೆಯಿರಿ.

3. ‘ಬಾರದ ನೀರಿಗೆ ಕರ ಯಾಕೆ?’ ಎಂಬ ಪ್ರಶ್ನೆ ‘ಎಲ್ಲಾರೂ ಕಳ್ಳರು’ ಎಂಬ ಮಾತಿಗಿಂತ ಸರ್ಕಾರಕ್ಕೆ ಹೆಚ್ಚು ಕಷ್ಟ ಕೊಟ್ಟದ್ದೇಕೆ? ಚರ್ಚಿಸಿರಿ.

4. ಗ್ಯಾರಂಟಿ ಯೋಜನೆಗಳ ಪರ ಮತ್ತು ವಿರುದ್ಧ ತಲಾ ಮೂರು ವಾದಗಳನ್ನು ಬರೆಯಿರಿ. ನಿಮಗೆ ಒಪ್ಪಿಗೆಯಿಲ್ಲದ ಕಡೆಯ ವಾದವನ್ನು ಮೊದಲು ಬರೆಯಿರಿ.

ಎರಡನೆಯ ಪ್ರಶ್ನೆಯ ಕರಡುಗಳನ್ನು ಸ್ಟಾಫ್ ರೂಮಿಗೆ ತಂದುಕೊಡಿ. ತಿದ್ದಿಕೊಡುತ್ತೇನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ.